ಕಾಶಿಯಲ್ಲಿ ಬಿಟ್ಟು ಬಂದ ಮೋಟಾರ್ ಸೈಕಲ್

ಮಗಳು ಹುಟ್ಟಿದ ದಿನ ಆಸ್ಪತ್ರೆಗೆ ಮೊದಲು ಬಂದವರು ನನ್ನ ಅತ್ತೆಯ ಅಕ್ಕ. ಮನೆಯಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ತೊಟ್ಟಿಲಿಗೆ ಬಗ್ಗಿ, 'ಮೂಗು ಥೇಟ್ ಅಪ್ಪಂದೇ' ಎಂದರು. ಅದು ಅವರ ಮೊದಲ ಮಾತು. ಎರಡನೆಯದು ನನಗೆ: 'ಸದ್ಯ, ಇನ್ಮೇಲಾದ್ರೂ ನಿನ್ನ ಬೈಕ್ ಹುಚ್ಚು ಬಿಡತ್ತೆ.' ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು, ಕೆಮ್ಮಿದರೆ ಜೀವ ಹೋಗುವ ಸ್ಥಿತಿಯಲ್ಲಿ ಮಲಗಿದ್ದೆ. ಇಲ್ಲದಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು.

ಅದೇ ಹೊತ್ತಿಗೆ ನನ್ನ ಗಂಡ ತನ್ನ ಬೈಕಿನಲ್ಲಿ ಜಯನಗರ, ಬನಶಂಕರಿ ಎಲ್ಲ ಸುತ್ತಿ ನೆಂಟರ ಮನೆಗಳಿಗೆ ಪೇಡೆ ಹಂಚುತ್ತಿದ್ದ. ಅವನೂ ಅವತ್ತೇ ಅಪ್ಪನಾದವನು. ಅವನಿಗೆ ಯಾರೂ ಏನೂ ಹೇಳಲಿಲ್ಲ. 'ಇನ್ಮೇಲೆ ಬೈಕ್ ಬಿಟ್ಬಿಡಪ್ಪ, ಮಗು ಬಂದಿದೆ' ಎಂದು ಒಂದು ಮನೆಯವರಾದರೂ ಹೇಳಬೇಕಲ್ಲ, ಇಲ್ಲ. ಪೇಡೆ ತಿಂದು, ಗೇಟಿನವರೆಗೆ ಬಂದು, ಟಾಟಾ ಮಾಡಿ ಕಳಿಸಿದರು. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮಂಡಿ ಆಪರೇಷನ್ ಆದವರು, ಲಕ್ವ ಹೊಡೆದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು ನನ್ನ ಪೇಷೆಂಟುಗಳು. ಬೆಳಿಗ್ಗೆ ಜೆ.ಪಿ. ನಗರ, ಆಮೇಲೆ ಬಿ.ಟಿ.ಎಂ. ಲೇಔಟ್, ಮಧ್ಯಾಹ್ನ ಬೇಗೂರಿನ ಕಡೆ. ಮದುವೆಗೆ ಮುಂಚೆಯೇ ಸ್ವಂತ ಸಂಪಾದನೆಯಲ್ಲಿ ಮುನ್ನೂರೈವತ್ತು ಸಿ.ಸಿ.ಯ ಒಂದು ಕಪ್ಪು ಬೈಕು ತೆಗೆದುಕೊಂಡಿದ್ದೆ. ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಅದರ ಸದ್ದು ಕೇಳಿದರೆ 'ಬಂದ್ಲಪ್ಪ' ಎನ್ನುತ್ತಿದ್ದರು. ಹೆಣ್ಣು ನೋಡುವುದಕ್ಕೆ ಬಂದ ದಿನವೂ ಅದು ಬಾಗಿಲಲ್ಲೇ ನಿಂತಿತ್ತು. ಅದನ್ನು ದಾಟಿಕೊಂಡೇ ಒಳಗೆ ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಒಪ್ಪಿದರು. ಆಮೇಲೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ.

ಬಾಣಂತನ ಅಮ್ಮನ ಮನೆಯಲ್ಲಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸೊಂಟಕ್ಕೆ ಹಳೆ ಸೀರೆಯ ಪಟ್ಟಿ, ಬೆಳಿಗ್ಗೆ ಸಂಜೆ ಸಾಂಬ್ರಾಣಿ ಹೊಗೆ. ಕಿಟಕಿ ಚೂರು ತೆಗೆದರೂ ಅಮ್ಮ ಓಡಿಬಂದು ಮುಚ್ಚುತ್ತಿದ್ದಳು. 'ಬಾಣಂತಿಗೆ ಗಾಳಿ ಹೊಕ್ಕಿದ್ರೆ ಸಾಯೋವರೆಗೂ ಹೋಗಲ್ಲ ಕಣೆ' ಎನ್ನುತ್ತಿದ್ದಳು. 'ಹೆಲ್ಮೆಟ್ ಹಾಕ್ಕೊಂಡ್ರೆ ಗಾಳಿ ಎಲ್ಲಿಂದ ಹೊಗತ್ತೆ' ಎಂದೆ. ಅಮ್ಮ ಸಾಂಬ್ರಾಣಿ ಬಟ್ಟಲನ್ನು ನನ್ನ ಮೂಗಿನ ಹತ್ತಿರಕ್ಕೆ ತಂದಿಟ್ಟಳು.

ನಾನು ಹಟಮಾರಿ ನಿಜ, ದಡ್ಡಿಯಲ್ಲ. ಹೊಲಿಗೆ ಮಾಯಬೇಕು, ಹೊಟ್ಟೆಯ ಸ್ನಾಯು ಮತ್ತೆ ಬಿಗಿಯಾಗಬೇಕು, ಸಿಗ್ನಲ್ಲಿನಲ್ಲಿ ಒಂದು ಕಾಲೂರಿ ಅಷ್ಟು ಭಾರದ ಗಾಡಿಯನ್ನು ತಡೆದು ನಿಲ್ಲಿಸಲು ಬರಬೇಕು. ಊರವರಿಗೆಲ್ಲ ಅದನ್ನೇ ಹೇಳಿಕೊಡುವವಳು ನಾನು. ನನಗೆ ನಾನೇ ಪೇಷೆಂಟಾಗಿ, ಮಗು ಮಲಗಿದ ಹೊತ್ತಿನಲ್ಲಿ ವ್ಯಾಯಾಮ ಮಾಡಿದೆ. ಡಾಕ್ಟರು ಪರವಾಗಿಲ್ಲ ಎಂದ ಮೇಲೆ, ತ್ಯಾಗರಾಜನಗರದಲ್ಲಿರುವ ಅತ್ತೆಯ ಮನೆಗೆ ವಾಪಸಾದ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಗಾಡಿಯ ಹೊದಿಕೆ ತೆಗೆದೆ.

ದೂರವೇನಲ್ಲ. ಸೌತ್ ಎಂಡ್ ದಾಟಿ ಜಯನಗರ ನಾಲ್ಕನೇ ಬ್ಲಾಕಿನವರೆಗೆ ಹೋಗಿ, ಒಂದು ಸುತ್ತು ಹಾಕಿ ವಾಪಸ್ ಬಂದೆ. ಎರಡೂ ಕೈ ಹ್ಯಾಂಡಲ್ ಮೇಲಿದ್ದವು. ಅಷ್ಟು ಹೊತ್ತು ಯಾರೂ ನನ್ನ ಕೈಗೆ ಏನನ್ನೂ ಕೊಡುವಂತಿರಲಿಲ್ಲ: ಒದ್ದೆ ಬಟ್ಟೆಯಿಲ್ಲ, ಬಾಟಲಿಯಿಲ್ಲ, ಅಳುವ ಮಗುವಿಲ್ಲ. ಹಾಗಂತ ಮಗುವಿನ ಮೇಲೆ ಪ್ರೀತಿ ಕಮ್ಮಿಯಾಗಿತ್ತೇ? ಎದೆಯಲ್ಲಿ ಹಾಲು ತುಂಬಿ ಜಾಕೆಟ್ಟಿನೊಳಗೆ ಒದ್ದೆಯಾಗುತ್ತಿತ್ತು. ಮೈ ಮಗಳನ್ನು ಕೇಳುತ್ತಿತ್ತು, ಮನಸ್ಸು ಇನ್ನೊಂದು ತಿರುವು ಕೇಳುತ್ತಿತ್ತು. ಎರಡೂ ನಿಜ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕು ಅನ್ನುವವರ ಜೊತೆ ನನಗೆ ಜಗಳ.

ಆಮೇಲೆ ಶುರುವಾಯಿತು ಉಪದೇಶ. ಎದುರು ಮನೆಯ ಅಂಕಲ್ ವಾಕಿಂಗ್ ನಿಲ್ಲಿಸಿ, 'ಏನಮ್ಮಾ, ಮನೇಲಿ ಚಿಕ್ ಮಗು ಇದೆ' ಎನ್ನುತ್ತಿದ್ದರು. 'ಹೌದು ಅಂಕಲ್, ನಾನೇ ಹೆತ್ತಿದ್ದು' ಎನ್ನುತ್ತಿದ್ದೆ. ಹಾಲಿನ ಬೂತಿನ ಹತ್ತಿರ ಸಿಗುವ ಆಂಟಿಯೊಬ್ಬರು ನನಗೊಂದು ದಾರಿ ತೋರಿಸಿದರು: 'ಬೇಕೇಬೇಕು ಅಂದ್ರೆ ಸ್ಕೂಟಿ ತಗೊಳ್ಳಮ್ಮ. ತಾಯಂದ್ರಿಗೆ ಅದು ಚೆನ್ನಾಗಿರತ್ತೆ.' ಸ್ಕೂಟಿಗೂ ಅದೇ ರಸ್ತೆ, ಅದೇ ಗುಂಡಿ, ಅದೇ ಟ್ಯಾಂಕರು. ಸ್ಕೂಲಿನ ಗೇಟಿನಲ್ಲಿ ನೋಡಿ: ಮುಂದೆ ಒಂದು ಮಗು ನಿಂತುಕೊಂಡು, ಹಿಂದೆ ಒಂದು ಕೂತುಕೊಂಡು, ಯಾರ ತಲೆಗೂ ಹೆಲ್ಮೆಟ್ಟಿಲ್ಲದೆ, ಅಮ್ಮ ಒಂದು ಕೈಯಲ್ಲಿ ಫೋನ್ ಹಿಡಿದು ಬರುತ್ತಾಳೆ. ಅವಳಿಗೆ ಯಾರೂ ಏನೂ ಅನ್ನುವುದಿಲ್ಲ. ನಾನು ಒಬ್ಬಳೇ, ಬೂಟು, ಗ್ಲೌಸು, ಒಳ್ಳೆಯ ಹೆಲ್ಮೆಟ್ಟು ಹಾಕಿಕೊಂಡು ಹೋದರೆ ಮಗುವನ್ನು ಬೀದಿಪಾಲು ಮಾಡಿದವಳು.

ಬದಲಾಗಲಿಲ್ಲವೇ ಎಂದರೆ ಬದಲಾದೆ. ಮುಂಚೆ ಬನಶಂಕರಿ ಸಿಗ್ನಲ್ಲಿನಲ್ಲಿ ಹಳದಿ ದೀಪ ಕಂಡರೆ ನುಗ್ಗುತ್ತಿದ್ದೆ, ಈಗ ನಿಲ್ಲುತ್ತೇನೆ. ಹಿಂದಿನವನು ಹಾರ್ನ್ ಬಜಾಯಿಸಿ ಬೈದರೆ ಬೈದುಕೊಳ್ಳಲಿ. ಬ್ರೇಕು, ಟೈರಿನ ಗಾಳಿ ನೋಡದೆ ಹೊರಡುವುದಿಲ್ಲ. ಮಗಳನ್ನು ಅದರ ಮೇಲೆ ಕೂರಿಸಿಕೊಂಡು ರಸ್ತೆಗೆ ಇಳಿದಿಲ್ಲ, ಅವಳ ತಲೆಗೆ ಸರಿಯಾದ ಹೆಲ್ಮೆಟ್ ಕೂರುವವರೆಗೆ ಇಳಿಯುವುದೂ ಇಲ್ಲ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ.

ಇಷ್ಟೆಲ್ಲ ಹೇಳಿದವಳು ಅತ್ತೆಯ ಬಗ್ಗೆಯೂ ಹೇಳಬೇಕು. ಊರೆಲ್ಲ ಬುದ್ಧಿ ಹೇಳುತ್ತಿದ್ದಾಗ ಅವರು ಒಂದು ಮಾತೂ ಆಡಿದವರಲ್ಲ. ನಾನು ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಂಡವರು ಅವರೇ. ಎಣ್ಣೆ ಹಚ್ಚಿ ನೀರು ಹಾಕುವುದು, ರಾಗಿ ಮಣ್ಣಿ ಮಾಡುವುದು, ದೃಷ್ಟಿ ತೆಗೆಯುವುದು, ಎಲ್ಲ. ಆದರೆ ನಾನು ಗಾಡಿ ಸ್ಟಾರ್ಟ್ ಮಾಡಿದೆನೆಂದರೆ ಅವರು ಗೇಟಿನ ಹತ್ತಿರ ಬರುತ್ತಿರಲಿಲ್ಲ, ದೇವರ ಮನೆಗೆ ಹೋಗಿಬಿಡುತ್ತಿದ್ದರು. ದೂರದಲ್ಲಿ ಆಂಬುಲೆನ್ಸಿನ ಸದ್ದು ಕೇಳಿದರೆ ಮಾಡುತ್ತಿದ್ದ ಕೆಲಸ ಬಿಟ್ಟು ನನಗೆ ಫೋನ್ ಮಾಡುತ್ತಿದ್ದರು. ನಾನು ಎತ್ತಿದರೆ, 'ಏನಿಲ್ಲ, ಬರ್ತಾ ಕೊತ್ತಂಬ್ರಿ ಸೊಪ್ಪು ತಾ' ಎನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಕೊತ್ತಂಬರಿಗೆ ಎಂದೂ ಕೊರತೆಯಾಗಲಿಲ್ಲ.

ಮಗಳಿಗೆ ಎರಡೂವರೆ ವರ್ಷವಾದಾಗ ಅತ್ತೆ ಮಾವ ಒಂದು ಯಾತ್ರೆಯ ಗುಂಪಿನ ಜೊತೆ ಕಾಶಿಗೆ ಹೋದರು. ಕಾಶಿಗೆ ಹೋದವರು ತಮಗೆ ಇಷ್ಟವಾದ ಏನನ್ನಾದರೂ ಅಲ್ಲಿ ಬಿಟ್ಟು ಬರಬೇಕು, ಜೀವಮಾನದಲ್ಲಿ ಮತ್ತೆ ಅದನ್ನು ಮುಟ್ಟಬಾರದು. ನಮ್ಮವರ ಪದ್ಧತಿ ಅದು. ಒಬ್ಬರು ಮಾವಿನಹಣ್ಣು ಬಿಡುತ್ತಾರೆ, ಒಬ್ಬರು ಬದನೆಕಾಯಿ ಬಿಡುತ್ತಾರೆ. ಬುದ್ಧಿವಂತರು ಮೊದಲಿನಿಂದಲೂ ತಿನ್ನದ್ದನ್ನು ಬಿಟ್ಟು ಬರುತ್ತಾರೆ, ಗಂಗೆಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡು.

ವಾಪಸ್ ಬಂದ ಮೇಲೆ ಮನೆಯಲ್ಲಿ ಗಂಗಾಪೂಜೆ, ನೆಂಟರಿಗೆಲ್ಲ ಊಟ. ಮಹಡಿಯ ಮೇಲೆ ಶಾಮಿಯಾನ ಹಾಕಿಸಿ ಎಲೆ ಹಾಕಿದ್ದೆವು. ನಾನು ಸಾರು ಬಡಿಸುತ್ತಿದ್ದೆ. ಇಂಥ ಊಟದಲ್ಲಿ ಬರುವ ಪ್ರಶ್ನೆಯೇ ಬಂತು. ಕೇಳಿದವರು ದೊಡ್ಡಮ್ಮ: 'ಏನ್ ಬಿಟ್ಟು ಬಂದ್ರಿ ಇಬ್ರೂ?'

'ಹಾಗಲಕಾಯಿ' ಎಂದರು ಮಾವ. ಅವರು ಹಾಗಲಕಾಯಿ ಮುಟ್ಟಿದ್ದನ್ನು ಯಾರೂ ಕಂಡಿಲ್ಲ. ಇಡೀ ಪಂಕ್ತಿ ನಕ್ಕಿತು.

ಅತ್ತೆ ಎಲೆಯ ತುದಿಯಲ್ಲಿ ಉಪ್ಪನ್ನು ಸರಿಮಾಡುತ್ತ, 'ನಾನು ಇವಳ ಮೋಟಾರ್ ಸೈಕಲ್ ಬಿಟ್ಟೆ' ಎಂದರು.

ತಮಾಷೆ ಎಂದುಕೊಂಡು ಎಲ್ಲರೂ ಇನ್ನಷ್ಟು ನಕ್ಕರು. ನಾನೂ ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. 'ನಿಜ್ವಾಗ್ಲೂ ಕಣೆ. ಗಂಗೇಲಿ ಮುಳುಗಿ, ಪುಟ್ಟೀನ ನೆನೆಸ್ಕೊಂಡು, ಮಗೂಗೆ ಆಯಸ್ಸು ಕೊಡು ತಾಯಿ, ಅವಳಮ್ಮನ ಗಾಡಿ ಇಲ್ಲೇ ಬಿಡ್ತೀನಿ ಅಂತ ಬಿಟ್ಟು ಬಂದೆ. ಇನ್ನು ನೀನು ಅದನ್ನ ಮುಟ್ಟೋ ಹಾಗಿಲ್ಲ.'

ನನ್ನ ಕೈಯಲ್ಲಿದ್ದ ಸಾರಿನ ಬಕೆಟ್ಟು ಕೆಳಗಿಟ್ಟೆ. ಅತ್ತೆ ಒಡವೆ ಅಳಿಯ ದಾನ ಮಾಡಿದ ಅನ್ನುವ ಗಾದೆ ಕೇಳಿದ್ದೆ. ಇಲ್ಲಿ ಸೊಸೆಯ ಗಾಡಿಯನ್ನು ಅತ್ತೆ ಹೊಳೆಗೆ ದಾನ ಮಾಡಿ ಬಂದಿದ್ದರು. ಗಾಡಿ ಮಾತ್ರ ಕೆಳಗೆ ಗೇಟಿನ ಹತ್ತಿರ, ಬೆಳಿಗ್ಗೆ ತಾನೇ ಪೆಟ್ರೋಲ್ ಹಾಕಿಸಿಕೊಂಡು, ನೆಟ್ಟಗೆ ನಿಂತಿತ್ತು.

'ಅತ್ತೆ, ಕಾಶೀಲಿ ಬಿಡೋದು ತಮ್ಮದನ್ನ. ನನ್ನದನ್ನ ನೀವು ಹೇಗೆ ಬಿಟ್ಟು ಬಂದ್ರಿ?'

'ಮನೆ ಸೊಸೆದು ಬೇರೆ, ಅತ್ತೆದು ಬೇರೆ ಇರತ್ತಾ?' ಎಂದರು ದೊಡ್ಡಮ್ಮ.

'ಹಾಗಾದ್ರೆ ಮಗಂದು ಬಿಟ್ಟು ಬರಬೋದಿತ್ತಲ್ಲ. ಅವನೂ ಬೈಕೇ ಓಡಿಸ್ತಾನೆ. ಅವನೂ ಪುಟ್ಟಿಗೆ ಅಪ್ಪನೇ.'

ಗಂಡ ತಲೆ ತಗ್ಗಿಸಿ, ಇನ್ನೂ ಮೊಸರು ಬಡಿಸದ ಅನ್ನವನ್ನು ಕಲೆಸುವುದಕ್ಕೆ ಶುರುಮಾಡಿದ. ಅತ್ತೆ ನನ್ನ ಮುಖ ನೋಡಿ ನಿಧಾನವಾಗಿ ಹೇಳಿದರು: 'ಅವನಿಗೆ ಅದು ಆಫೀಸ್ಗೆ ಹೋಗೋ ಗಾಡಿ ಅಷ್ಟೇ. ನಿನಗೆ ಪ್ರಾಣ. ಪ್ರಾಣ ಆಗಿರೋದನ್ನೇ ಬಿಡಬೇಕಂತೆ.'

ಈ ಮಾತಿಗೆ ನಾನು ಸಿದ್ಧವಾಗಿರಲಿಲ್ಲ. ಊರಿಗೆಲ್ಲ ಅದು ಹುಚ್ಚು, ಶೋಕಿ, ಕೊಬ್ಬು. ಅದು ನನಗೆ ಪ್ರಾಣ ಎಂದು ತಿಳಿದುಕೊಂಡವರು ಇಡೀ ಮನೆಯಲ್ಲಿ ಅವರೊಬ್ಬರೇ. ತಿಳಿದೇ ಬಿಟ್ಟು ಬಂದಿದ್ದರು. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

'ನಾನು ಬಿಡಲ್ಲ ಅತ್ತೆ. ಬಿಡಲೇಬೇಕು ಅಂದ್ರೆ ನಿಮ್ಮದೇನಾದ್ರೂ ಬಿಡಿ' ಎಂದೆ. ನೆಂಟರೆದುರಿಗೆ ಹಾಗೆ ಹೇಳಬಾರದಿತ್ತು ಎಂದು ಗಂಡ ಆಮೇಲೆ ಹೇಳಿದ. ನೆಂಟರೆದುರಿಗೆ ನನ್ನ ಗಾಡಿಯನ್ನು ಗಂಗೆಗೆ ಹಾಕಬಹುದಿತ್ತೇ ಎಂದು ನಾನು ಕೇಳಿದೆ.

ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಹೆಲ್ಮೆಟ್ ಹಾಕಿಕೊಂಡು ಹೊರಟೆ. ಅತ್ತೆ ಎಂದಿನಂತೆ ದೇವರ ಮನೆಗೆ ಹೋದರು. ಆದರೆ ಇದು ಮೊದಲಿನ ಭಯವಲ್ಲ. ಮೊದಲು ನಾನು ಬೀಳುತ್ತೇನೆಂಬ ಭಯವಿತ್ತು. ಈಗ ಬಿಟ್ಟಿದ್ದನ್ನು ಮತ್ತೆ ಮುಟ್ಟಿದ್ದಕ್ಕೆ ಮಗುವಿಗೆ ಏನಾದರೂ ಆಗುತ್ತದೆಂಬ ಭಯ. ಮಗುವಿನ ಆಯಸ್ಸು ಕೇಳಿ ಕೊಟ್ಟ ಮಾತಲ್ಲವೇ, ಮುರಿದರೆ ಯಾರ ತಲೆಗೆ ಬರುತ್ತದೆ? ಅವರದು ನಾಟಕವಾಗಿದ್ದರೆ ನನಗೆ ಸುಲಭವಿತ್ತು. ಅವರು ರಾತ್ರಿ ನಿದ್ದೆಯಿಂದ ಎದ್ದು ಬಂದು ಮೊಮ್ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದರು. ಹೆದರಿಕೊಂಡ ಮನುಷ್ಯರ ಜೊತೆ ಜಗಳವಾಡುವುದು ಬಲು ಕಷ್ಟ, ಆದರೂ ಆಡಿದೆ. ಗಂಗೆಗೆ ಕಂಡವರ ಸಾಮಾನು ಬೇಕಿಲ್ಲ ಎಂದೆ. ದೇವರು ಎಲ್ಲಾದರೂ ಎರಡೂವರೆ ವರ್ಷದ ಕೂಸನ್ನು ಒತ್ತೆ ಇಟ್ಟುಕೊಳ್ಳುತ್ತಾನಾ ಎಂದೆ. ಅವರು ಕೇಳಿಸಿಕೊಂಡು, 'ನಿಂಗೆ ಗೊತ್ತಾಗಲ್ಲ' ಎನ್ನುತ್ತಿದ್ದರು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಬೇಗೂರಿನಲ್ಲಿ ಒಬ್ಬ ಅಜ್ಜನ ಮಂಡಿ ಮಡಚಿಸುತ್ತಿದ್ದೆ. ಅತ್ತೆಯ ಫೋನ್ ಬಂತು. ಕೊತ್ತಂಬರಿ ಸೊಪ್ಪು ಎನ್ನಲಿಲ್ಲ.

'ಪುಟ್ಟಿಗೆ ಜ್ವರ. ಮೈ ಕಾದ ಕಾವ್ಲಿ ಆಗಿದೆ. ಬೇಗ ಬಾ.' ಫೋನ್ ಇಡುವ ಮೊದಲು, 'ಆಟೋದಲ್ಲಿ ಬಾ' ಎಂದರು.

ಹೊರಗೆ ಬಂದು ಗಾಡಿಯ ಮುಂದೆ ನಿಂತೆ. ಆ ಹೊತ್ತಿಗೆ ಬೇಗೂರಿನಿಂದ ತ್ಯಾಗರಾಜನಗರಕ್ಕೆ ಆಟೋ ಸಿಕ್ಕಿ, ಅದು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನುಸುಳಿ ಮನೆ ಮುಟ್ಟುವುದೆಂದರೆ ದೇವರಿಗೇ ಪ್ರೀತಿ. ನನಗೆ ಗೊತ್ತಿರುವ ಗಲ್ಲಿಗಳಲ್ಲಿ ಬೈಕಿನಲ್ಲಿ ಅರ್ಧ ಹೊತ್ತಿಗೆ ಮನೆಯಲ್ಲಿರುತ್ತೇನೆ. ಲೆಕ್ಕ ಇಷ್ಟು ನಿಚ್ಚಳವಾಗಿದ್ದರೂ ಕೀಲಿ ತಿರುಗಿಸುವ ಮೊದಲು ರಸ್ತೆಯಲ್ಲಿ ಆಟೋ ಇದೆಯಾ ಎಂದು ಒಮ್ಮೆ ನೋಡಿದೆ. ಅದು ನನಗೆ ಇಷ್ಟವಾಗಲಿಲ್ಲ. ಹೆದರಿಕೆ ಅಂಟುರೋಗವಿದ್ದ ಹಾಗೆ, ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುತ್ತದೆ.

ಬೈಕಿನಲ್ಲೇ ಹೋದೆ. ಬಾಗಿಲಲ್ಲಿ ಮಗಳನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಅತ್ತೆ ಮೊದಲು ನೋಡಿದ್ದು ನನ್ನ ಕೈಯಲ್ಲಿದ್ದ ಹೆಲ್ಮೆಟ್ಟನ್ನು. ಮಗಳನ್ನು ನನ್ನ ಕೈಗೆ ಕೊಟ್ಟರು. ಕಾರು ಕರೆಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ವೈರಲ್ಲು, ಸ್ಕೂಲಿಗೆ ಸೇರಿಸಿದ ಹೊಸದರಲ್ಲಿ ಎಲ್ಲ ಮಕ್ಕಳಿಗೂ ಬರುತ್ತದೆ, ಎರಡು ಮೂರು ದಿನ ಇರುತ್ತದೆ ಎಂದರು. ಪ್ಲೇ ಸ್ಕೂಲಿನಲ್ಲಿ ಅವಳ ಜೊತೆಯ ಅರ್ಧಕ್ಕರ್ಧ ಮಕ್ಕಳಿಗೆ ಜ್ವರವಿತ್ತು. ಅವರ ಅಮ್ಮಂದಿರು ಯಾರೂ ಬೈಕ್ ಓಡಿಸುತ್ತಿರಲಿಲ್ಲ.

ಆದರೆ ಹೇಳಿದರೆ ಯಾರು ಕೇಳುತ್ತಾರೆ? ಸಂಜೆಯೇ ದೊಡ್ಡಮ್ಮನ ಫೋನ್ ಬಂತು. 'ನಾವು ಹೇಳ್ಲಿಲ್ವಾ' ಎಂದರು. ಅಷ್ಟೇ ಹೇಳಿದರು, ಅದೇ ಸಾಕಿತ್ತು.

ಮಾರನೆಯ ಮಧ್ಯಾಹ್ನ ಜ್ವರ ಮತ್ತೆ ಏರಿತು. ಔಷಧಿ ಕೊಟ್ಟರೂ ಇಳಿಯಲೊಲ್ಲದು. ಮಗಳು ಕಣ್ಣು ಅರ್ಧ ತೆರೆದು, ಯಾರನ್ನೂ ನೋಡದೆ ಮಲಗಿದ್ದಳು. ನಾನು ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ತೆಗೆಯುತ್ತಿದ್ದೆ. ಅತ್ತೆ ಕಾಲಿನ ಹತ್ತಿರ ಕೂತಿದ್ದರು. ಬಹಳ ಹೊತ್ತಾದ ಮೇಲೆ, ಬೇಡುವ ದನಿಯಲ್ಲಿ ಹೇಳಿದರು: 'ಬಾಯ್ಮಾತಿಗಾದ್ರೂ ಬಿಡ್ತೀನಿ ಅಂದ್ಬಿಡಮ್ಮ. ಒಂದೇ ಮಾತು. ನಿನ್ನ ಕಾಲಿಗೆ ಬೀಳ್ತೀನಿ.'

ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರ ಎದುರಿಗೂ ಸುಳ್ಳು ಧೈರ್ಯ ತೋರಿಸಿ ಏನಾಗಬೇಕು, ನನಗೂ ಹೆದರಿಕೆಯಾಗಿತ್ತು. ಗಾಡಿ ಏನು, ಕಬ್ಬಿಣ. ಹಾಳಾಗಿ ಹೋಗಲಿ. ಆದರೆ ಮಗಳ ಮುಖ ನೋಡಿದೆ. ಈಗ ನಾನು ಈ ಮಾತು ಆಡಿದರೆ ನಾಳೆ ಜ್ವರ ಬಿಟ್ಟೇ ಬಿಡುತ್ತದೆ, ಹೇಗಿದ್ದರೂ ಬಿಡುವುದೇ. ಆಗ ಅದು ಔಷಧಿಯಿಂದ ಬಿಟ್ಟದ್ದಾಗುವುದಿಲ್ಲ, ಅಮ್ಮ ಬೈಕ್ ಬಿಟ್ಟದ್ದಕ್ಕೆ ಬಿಟ್ಟದ್ದಾಗುತ್ತದೆ. ಮನೆಯಲ್ಲಿ ಆ ಕಥೆಯನ್ನು ಇವಳಿಗೆ ಊಟ ಮಾಡಿಸುತ್ತ ಹೇಳುತ್ತಾರೆ. ನಿಮ್ಮಮ್ಮ ನಿನಗೋಸ್ಕರ ತನ್ನ ಪ್ರಾಣದಂಥದ್ದನ್ನು ಬಿಟ್ಟಳು ಕಣೆ, ಅದಕ್ಕೇ ನೀನು ಬದುಕಿದೆ ಎಂದು. ಇವಳು ದೊಡ್ಡವಳಾಗಿ, ಇವಳಿಗೂ ಒಂದು ಪ್ರಾಣದಂಥದ್ದು ಸಿಕ್ಕಿ, ಇವಳೂ ತಾಯಾದಾಗ, ಬಿಡುವುದು ಹೇಗೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳುವುದಕ್ಕೆ ಮುಂಚೆ ತಾನೇ ಬಿಡುತ್ತಾಳೆ. ಅದು ನನಗೆ ಬೇಡ. ಆ ಹೊರೆಯನ್ನು ಇಷ್ಟು ಚಿಕ್ಕ ತಲೆಯ ಮೇಲೆ ನಾನು ಇಡಲಾರೆ.

'ಇಲ್ಲ ಅತ್ತೆ' ಎಂದೆ. 'ಔಷಧಿ ಟೈಮ್ ಆಯ್ತು, ಆ ಬಾಟ್ಲು ಕೊಡಿ.'

ಅವರು ಬಾಟಲಿ ಕೊಟ್ಟರು. ಎದ್ದು ದೇವರ ಮನೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಔಷಧಿ ಕುಡಿಸಿ, ಮಗಳ ಪಕ್ಕದಲ್ಲಿ ಮಲಗಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ಮೂರನೆಯ ದಿನ ಜ್ವರ ಬಿಟ್ಟಿತು. ಮಗಳು ಎದ್ದು ಕೂತು ಅನ್ನ ಸಾರು ತಿಂದು, ಅರ್ಧ ತಟ್ಟೆಯನ್ನು ತಾತನ ಪಂಚೆಯ ಮೇಲೆ ಚೆಲ್ಲಿದಳು. ಮನೆಗೆ ಜೀವ ಬಂತು. ನಾನು ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದೆ, ಬೈಕಿನಲ್ಲೇ. ಯಾರೂ ಏನೂ ಅನ್ನಲಿಲ್ಲ. ಗೆದ್ದೆ ಎಂದುಕೊಂಡೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ಏಳುವವರು ಅತ್ತೆ. ಫಿಲ್ಟರಿನಲ್ಲಿ ಇಳಿದ ಮೊದಲ ಡಿಕಾಕ್ಷನ್ ಅವರದು. ಅದಕ್ಕೆ ಬೇರೆ ಯಾರೂ ಕೈ ಹಾಕುವಂತಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, ಯಾರ ಜೊತೆಯೂ ಮಾತಾಡದೆ, ಲೋಟ ಖಾಲಿಯಾಗುವವರೆಗೆ ಕುಡಿಯುತ್ತಾರೆ. ಇಡೀ ದಿನದಲ್ಲಿ ಅವರು ಯಾರಿಗೂ ಏನನ್ನೂ ಮಾಡಿಕೊಡದೆ ಸುಮ್ಮನೆ ನಿಲ್ಲುವ ಹೊತ್ತು ಅದೊಂದೇ. ಮಧ್ಯಾಹ್ನ ಇನ್ನೊಂದು ಲೋಟ, ಸಂಜೆ ಇನ್ನೊಂದು. ಹೆರಿಗೆ ಕೋಣೆಗೆ ಹೋಗುವುದಕ್ಕೆ ಮುಂಚೆ ಕಾಫಿ ಕುಡಿದು ಹೋದವಳು ನಾನು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಂಗಸು.

ಮಗಳಿಗೆ ಜ್ವರ ಬಿಟ್ಟು ವಾರವಾಗಿರಬೇಕು. ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಅವರು ನನ್ನ ಕಾಫಿ ಬೆರೆಸಿ ಮುಂದಿಟ್ಟು, ತಾವು ಕಿಟಕಿಯ ಹತ್ತಿರ ಬಿಸಿನೀರು ಕುಡಿಯುತ್ತಿದ್ದರು.

'ಯಾಕತ್ತೆ, ಹೊಟ್ಟೆ ಸರಿಯಿಲ್ವಾ?'

'ಸರಿಯಾಗೇ ಇದೆ. ಕಾಫಿ ಬಿಟ್ಟೆ.'

'ಬಿಟ್ರಾ? ಯಾವಾಗ?'

'ಪುಟ್ಟಿಗೆ ಜ್ವರ ಇತ್ತಲ್ಲ, ಆ ಮಧ್ಯಾಹ್ನ. ಕಾಶಿಯಿಂದ ತಂದ ಗಂಗೆ ಗಿಂಡಿ ಮುಂದೆ ಕೂತು ಹೇಳ್ಕೊಂಡೆ. ಅವಳ ಗಾಡಿ ಅವಳಿಗೆ ವಾಪಸ್ ಕೊಟ್ಬಿಡು ತಾಯಿ, ಅದರ ಬದ್ಲು ನನ್ನ ಕಾಫಿ ಇಟ್ಕೋ ಅಂತ.' ಲೋಟ ತೊಳೆದು ಬೋರಲು ಹಾಕಿದರು. 'ನೀನು ಬಿಡಲ್ಲ ಅಂದೆ. ಯಾರಾದ್ರೂ ಒಬ್ರು ಬಿಡ್ಲೇಬೇಕಿತ್ತಲ್ಲ.'

ನನಗೆ ಕೋಪ ಬಂತು, ಅಳು ಬಂತು, ಎರಡರಲ್ಲಿ ಯಾವುದು ಮುಂದೆ ಬರಬೇಕೋ ಗೊತ್ತಾಗದೆ ನಿಂತೆ. ಇದೆಲ್ಲ ಮೂಢನಂಬಿಕೆ ಎಂದೆ. ಹೌದು ಎಂದರು. ಯಾರೂ ನಿಮ್ಮನ್ನು ಕೇಳಿರಲಿಲ್ಲ ಎಂದೆ. ಇಲ್ಲ ಎಂದರು. ಈಗಲೇ ಕುಡಿಯಿರಿ ಎಂದು ನನ್ನ ಲೋಟವನ್ನೇ ಮುಂದೆ ಹಿಡಿದೆ. ಅವರು ಅದರ ಘಮವನ್ನು ಒಂದು ಸಲ ಎಳೆದುಕೊಂಡು, 'ನಿಂದು ಆರೋಗತ್ತೆ, ಕುಡಿ' ಎಂದರು. ನಿಂತಲ್ಲೇ ಕುಡಿದೆ. ಅಂಥ ಕಹಿ ಕಾಫಿಯನ್ನು ನಾನು ಜನ್ಮದಲ್ಲಿ ಕುಡಿದಿರಲಿಲ್ಲ, ಸಕ್ಕರೆ ಎಂದಿನಷ್ಟೇ ಇತ್ತು.

ಗಂಡ ಉಪಾಯ ಹುಡುಕಿದ. 'ಒಂದ್ ತಿಂಗ್ಳು ನೀನು 'ಬಿಟ್ಟೆ' ಅನ್ನು. ಅಮ್ಮ ಕಾಫಿ ಕುಡಿಯೋಕೆ ಶುರು ಮಾಡ್ತಾಳೆ. ಆಮೇಲೆ ಸುಮ್ನೆ ಮತ್ತೆ ಶುರು ಮಾಡು.'

'ನಿನ್ನ ಬೈಕ್ ಬಿಡು' ಎಂದೆ. 'ಅದೂ ಈ ಮನೇದೇ. ಗಂಗೆಗೆ ಯಾವುದಾದ್ರೂ ನಡೆಯತ್ತೆ.'

ಅವನು ಮಾರನೆಯ ದಿನ ಅದೇ ಬೈಕಿನಲ್ಲಿ ಆಫೀಸಿಗೆ ಹೋದ. ಅವನ ಮೇಲೆ ನನಗೆ ದ್ವೇಷವಿಲ್ಲ. ಯಾರೂ ಏನೂ ಕೇಳದ ಜಾಗದಲ್ಲಿ ಹುಟ್ಟಿದ್ದಾನೆ, ಅವನೇನು ಮಾಡುತ್ತಾನೆ? ಆದರೆ ಅಂದಿನಿಂದ ಅವನು ನನಗೆ ಉಪಾಯ ಹೇಳುವುದನ್ನು ನಿಲ್ಲಿಸಿದ.

ಮಾವ ನನ್ನ ಜೊತೆ ಕೆಲವು ದಿನ ಮಾತು ಬಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ತಮ್ಮ ಹೆಂಡತಿ ತನಗಾಗಿ ಇಟ್ಟುಕೊಂಡದ್ದು ಅದೊಂದೇ ಎಂಬುದು ಅವರಿಗೂ ಆಗಲೇ ಹೊಳೆದಿರಬೇಕು. ನಾನು ಯೋಚಿಸದೆ ಇರಲಿಲ್ಲ. ಎಷ್ಟೋ ಬೆಳಿಗ್ಗೆ ಗೇಟಿನ ಹತ್ತಿರ ಕೀಲಿ ಹಿಡಿದು ನಿಂತು, ಇವತ್ತು ಆಟೋದಲ್ಲಿ ಹೋಗಿಬಿಡೋಣವೇ ಎಂದುಕೊಂಡಿದ್ದೇನೆ. ಒಳಗೆ ಕಿಟಕಿಯ ಹತ್ತಿರ ಅತ್ತೆ ಬಿಸಿನೀರಿನ ಲೋಟ ಹಿಡಿದು ನಿಂತಿರುವುದು ನನಗೆ ಕಾಣುತ್ತದೆ. ಕಂಡರೂ ಸ್ಟಾರ್ಟ್ ಮಾಡಿದ್ದೇನೆ. ಹಾಗೆ ಹೋಗುವುದಕ್ಕೆ ಏನು ಬೇಕೆಂದು ಹೋದವರಿಗೇ ಗೊತ್ತು.

ಮೊನ್ನೆ ದೊಡ್ಡಮ್ಮ ಬಂದರು. ತಂಗಿ ಕಾಫಿ ಬಿಟ್ಟ ಸುದ್ದಿ ಅವರಿಗೆ ತಡವಾಗಿ ತಲುಪಿತ್ತು, ಅದಕ್ಕೇ ಬಂದಿದ್ದರು. ನಾನು ಗೇಟಿನಲ್ಲಿ ಗ್ಲೌಸು ಹಾಕಿಕೊಳ್ಳುತ್ತಿದ್ದೆ. ಗಾಡಿಯ ಮುಂದೆ ಅಡ್ಡ ನಿಂತರು.

'ಅಲ್ವೇ, ನಿಮ್ಮತ್ತೆ ಈ ವಯಸ್ಸಲ್ಲಿ ಕಾಫಿ ಬಿಟ್ಟು ಬರೀ ನೀರು ಕುಡೀತಾಳೆ. ನಿಂಗೆ ಏನೂ ಅನ್ಸಲ್ವಾ?'

'ಅನ್ಸತ್ತೆ ದೊಡ್ಡಮ್ಮ. ದಿನಾ ಅನ್ಸತ್ತೆ.'

'ಅನ್ಸಿದ್ರೆ ಮತ್ತೆ ಇದನ್ನ ಯಾಕೆ ಓಡಿಸ್ತೀಯಾ?'

'ಅವರು ಕಾಫಿ ಬಿಟ್ಟಿದ್ದು ಈ ಗಾಡಿ ನಂಗೆ ವಾಪಸ್ ಸಿಗ್ಲಿ ಅಂತ. ಈಗ ನಾನೂ ಇದನ್ನ ಬಿಟ್ಬಿಟ್ರೆ, ಅವರು ಬಿಟ್ಟಿದ್ದು ದಂಡ ಆಗಲ್ವಾ?'

ದೊಡ್ಡಮ್ಮ ಬಾಯಿ ತೆರೆದರು. ಮಾತು ಬಂದದ್ದು ಅವರ ಹಿಂದಿನಿಂದ. ಅತ್ತೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲು ದಾಟಿ ಹೊರಗೆ ಬಂದಿದ್ದರು.

'ಹೌದಕ್ಕ, ದಂಡ ಆಗತ್ತೆ' ಎಂದರು. 'ಸರಿದು ನಿಂತ್ಕೋ, ಅವಳು ಹೋಗ್ಲಿ.'